ಒಂದು ಇಂಜೆಕ್ಷನ್, ಐದು ಬಗೆಯ ಕಸ: ಆಸ್ಪತ್ರೆಯ ಕಸ ಎಲ್ಲಿಗೆ ಹೋಗುತ್ತದೆ, ಯಾರ ಕೈ ದಾಟಿ ಹೋಗುತ್ತದೆ

ವಾರ್ಡಿನಲ್ಲಿ ಒಬ್ಬ ರೋಗಿಗೆ ಒಂದು ಇಂಜೆಕ್ಷನ್ ಕೊಟ್ಟರೆ ಎಷ್ಟು ಬಗೆಯ ಕಸ ಹುಟ್ಟುತ್ತದೆ ಗೊತ್ತಾ? ಸಿರಿಂಜಿನ ಮೇಲಿನ ಕವರ್ ಹರಿದರು, ಅದು ಒಂದು. ಗಾಜಿನ ಆಂಪ್ಯೂಲಿನ ಕತ್ತು ಮುರಿದು ಔಷಧಿ ಎಳೆದುಕೊಂಡರು, ಖಾಲಿ ಆಂಪ್ಯೂಲ್ ಉಳಿಯಿತು, ಅದು ಎರಡು. ಚುಚ್ಚಿದ ಮೇಲೆ ಸೂಜಿ, ಮೂರು. ಸೂಜಿ ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಸಿರಿಂಜ್, ನಾಲ್ಕು. ಚುಚ್ಚಿದ ಜಾಗಕ್ಕೆ ಒತ್ತಿ ಹಿಡಿದ, ರಕ್ತದ ಚುಕ್ಕೆ ಅಂಟಿದ ಹತ್ತಿ, ಐದು. ಈ ಐದೂ ಐದು ಬೇರೆ ಬೇರೆ ಕಡೆ ಬೀಳಬೇಕು. ಕವರ್ ಮಾಮೂಲಿ ಕಸಕ್ಕೆ, ಆಂಪ್ಯೂಲ್ ನೀಲಿ ಡಬ್ಬಕ್ಕೆ, ಸೂಜಿ ಬಿಳಿ ಡಬ್ಬಕ್ಕೆ, ಸಿರಿಂಜ್ ಕೆಂಪು ಚೀಲಕ್ಕೆ, ಹತ್ತಿ ಹಳದಿ ಚೀಲಕ್ಕೆ. ಇಷ್ಟೂ ಒಂದು ನಿಮಿಷದೊಳಗೆ ಮುಗಿಯಬೇಕು. ಅಷ್ಟರಲ್ಲಿ ಪಕ್ಕದ ಬೆಡ್‌ನಿಂದ "ಸಿಸ್ಟರ್, ಡ್ರಿಪ್ ಮುಗೀತು ನೋಡಿ" ಅಂತ ಕರೆ ಬಂದಿರುತ್ತದೆ.

ಆಸ್ಪತ್ರೆ ಸಿಬ್ಬಂದಿಗೆ ಈ ಕಸ ವಿಂಗಡಣೆಯ ತರಬೇತಿ ಕೊಡುವುದು ನನ್ನ ಕೆಲಸದ ಒಂದು ಭಾಗ. ಗೋಡೆಗೆ ಅಂಟಿಸಿದ ಬಣ್ಣದ ಚಾರ್ಟ್ ಎಲ್ಲ ಕಡೆ ಇರುತ್ತದೆ. ಅದನ್ನು ಬಾಯಿಪಾಠ ಮಾಡಿಸಿದರೆ ತನಿಖೆಗೆ ಬಂದವರ ಮುಂದೆ ಉತ್ತರ ಹೇಳುವಷ್ಟು ಸಾಕಾಗುತ್ತದೆ. ಆದರೆ ಚಾರ್ಟಿನಲ್ಲಿ ಇಲ್ಲದ ವಸ್ತು ಕೈಗೆ ಬಂದ ಕೂಡಲೇ ಗೊಂದಲ ಶುರು. ಯಾಕೆಂದರೆ ಬಹಳಷ್ಟು ಜನರ ತಲೆಯಲ್ಲಿ ಕೂತಿರುವ ಲೆಕ್ಕ ಬೇರೆ: ಹಳದಿ ಅಂದರೆ ತುಂಬಾ ಡೇಂಜರ್, ಕೆಂಪು ಅಂದರೆ ಅದಕ್ಕಿಂತ ಸ್ವಲ್ಪ ಕಡಿಮೆ, ರಕ್ತ ಕಂಡರೆ ಹಳದಿಗೆ ಹಾಕು, ಕಾಣದಿದ್ದರೆ ಕೆಂಪಿಗೆ ಹಾಕು. ಹೀಗೆ ಯೋಚಿಸಿದರೆ ರಕ್ತ ಮೆತ್ತಿದ ಗ್ಲೌಸ್ ಹಳದಿ ಚೀಲಕ್ಕೆ ಹೋಗುತ್ತದೆ. ಹೋಗಬೇಕಾದದ್ದು ಕೆಂಪಿಗೆ.

ಬಣ್ಣ ಹೇಳುವುದು ಆ ವಸ್ತು ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು. ಬಸ್ಸಿನ ಬೋರ್ಡ್ ನೋಡಿದರೆ ಬಸ್ ಹೋಗುವ ಊರು ಗೊತ್ತಾಗುತ್ತದೆ, ಒಳಗೆ ಕೂತವರು ಎಂಥವರು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಇದೂ ಹಾಗೇ. ಹಳದಿ ಚೀಲ ಬೆಂಕಿಗೆ ಹೋಗುತ್ತದೆ. ಕೆಂಪು ಚೀಲ ಹಬೆಯಲ್ಲಿ ಬೆಂದು, ಚೂರಾಗಿ, ಮರುಬಳಕೆಯ ಕಾರ್ಖಾನೆಗೆ ಹೋಗುತ್ತದೆ. ಬಿಳಿ ಡಬ್ಬದ ಸೂಜಿ, ಬ್ಲೇಡುಗಳು ಕ್ರಿಮಿಶುದ್ಧಿಯಾಗಿ ಚೂರಾಗುತ್ತವೆ, ಇಲ್ಲವೇ ಕಾಂಕ್ರೀಟಿನಲ್ಲಿ ಹುದುಗುತ್ತವೆ, ಇಲ್ಲವೇ ಕಬ್ಬಿಣ ಕರಗಿಸುವ ಕಡೆಗೆ ಹೋಗುತ್ತವೆ. ನೀಲಿ ಡಬ್ಬದ ಗಾಜು ತೊಳೆದು ಶುದ್ಧವಾಗಿ ಗಾಜಿನವರ ಹತ್ತಿರ ಹೋಗುತ್ತದೆ. ಇದು ತಲೆಗೆ ಹೋಯಿತು ಅಂದರೆ ಚಾರ್ಟ್ ಬೇಕಾಗುವುದೇ ಕಡಿಮೆ. ಕೈಯಲ್ಲಿರುವುದು ಚುಚ್ಚುವ, ಕೊಯ್ಯುವ ಲೋಹದ ವಸ್ತುವಾ? ಹಾಗಾದರೆ ಬಿಳಿ. ಗಾಜಾ? ನೀಲಿ. ರೋಗಿಗೆ ಬಳಸಿದ ಪ್ಲಾಸ್ಟಿಕ್ ಅಥವಾ ರಬ್ಬರಾ? ಕೆಂಪು. ಇವ್ಯಾವುದೂ ಅಲ್ಲ, ಆದರೆ ರಕ್ತ, ಕೀವು, ದೇಹದ ದ್ರವ ಅಂಟಿದೆ, ಅಥವಾ ದೇಹದ್ದೇ ಒಂದು ಭಾಗ, ಅಥವಾ ಅವಧಿ ಮುಗಿದ ಔಷಧಿ? ಹಳದಿ. ಇನ್ನುಳಿದದ್ದು ಮನೆಯಲ್ಲಿ ಹುಟ್ಟುವಂಥದ್ದೇ ಕಸ.

ಈ ವಿಂಗಡಣೆಗೆ ಕಾನೂನಿನ ಬಲ ಇದೆ. ನಮ್ಮ ದೇಶದಲ್ಲಿ ಇದಕ್ಕೆ ಮೊದಲ ನಿಯಮ ಬಂದದ್ದು 1998ರಲ್ಲಿ. ಆಗ ಕಸವನ್ನು ಹತ್ತು ವರ್ಗ ಮಾಡಿದ್ದರು. ಹತ್ತು ವರ್ಗ ನೆನಪಿಟ್ಟುಕೊಂಡು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವುದು ಯಾರಿಗೂ ಸುಲಭ ಇರಲಿಲ್ಲ. 2016ರ ಮಾರ್ಚ್ 28ರಂದು ಬಂದ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣೆ ನಿಯಮಗಳು ಅದನ್ನು ನಾಲ್ಕು ಬಣ್ಣಕ್ಕೆ ಇಳಿಸಿದವು. ದೊಡ್ಡ ಆಸ್ಪತ್ರೆಗೆ ಮಾತ್ರ ಅಂತ ತಿಳಿಯಬೇಡಿ. ಒಂದೇ ಕೋಣೆಯ ಕ್ಲಿನಿಕ್, ಹಲ್ಲಿನ ಡಾಕ್ಟರು, ರಕ್ತ ಪರೀಕ್ಷೆಯ ಲ್ಯಾಬ್, ಆಯುರ್ವೇದ ಆಸ್ಪತ್ರೆ, ದನದ ಆಸ್ಪತ್ರೆ, ರಕ್ತದಾನ ಶಿಬಿರ, ಲಸಿಕೆ ಶಿಬಿರ, ಎಲ್ಲರಿಗೂ ಅದು ಅನ್ವಯ. ಕರ್ನಾಟಕದಲ್ಲಿ ಇದಕ್ಕೆ ಒಪ್ಪಿಗೆ ಪತ್ರ ಕೊಡುವುದು, ಮೇಲ್ವಿಚಾರಣೆ ನೋಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ.

ಈಗ ಆ ಗ್ಲೌಸಿನ ವಿಷಯಕ್ಕೆ ಬರೋಣ. ತರಬೇತಿಯಲ್ಲಿ ಜಾಸ್ತಿ ವಾದ ನಡೆಯುವುದು ಇಲ್ಲೇ. "ರಕ್ತ ಇದೆಯಲ್ಲ ಸರ್, ಸುಟ್ಟುಬಿಟ್ಟರೆ ಸುರಕ್ಷಿತ ಅಲ್ವಾ?" ಅಂತ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆಸ್ಪತ್ರೆಯ ಪ್ಲಾಸ್ಟಿಕ್ಕಿನಲ್ಲಿ ಬಹಳಷ್ಟು ಪಿವಿಸಿ ಇರುತ್ತದೆ. ಡ್ರಿಪ್ ಸೆಟ್ಟಿನ ಪೈಪು, ಯೂರಿನ್ ಬ್ಯಾಗ್ ಇಂಥವು. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. ಅದನ್ನು ಸುಟ್ಟಾಗ ಆ ಕ್ಲೋರಿನ್ ಹೊಗೆಗೆ ಸೇರಿ ಡಯಾಕ್ಸಿನ್, ಫ್ಯೂರಾನ್ ಎಂಬ ವಿಷಗಳು ಹುಟ್ಟುತ್ತವೆ. ಡಯಾಕ್ಸಿನ್ ಕ್ಯಾನ್ಸರ್ ತರುತ್ತದೆ. ಮಣ್ಣಿಗೆ ಬಿದ್ದರೆ ವರ್ಷಗಟ್ಟಲೆ ಹೋಗುವುದಿಲ್ಲ. ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಬರುತ್ತದೆ, ನಮ್ಮ ದೇಹದ ಕೊಬ್ಬಿನಲ್ಲಿ ಕೂತುಕೊಳ್ಳುತ್ತದೆ. ಒಂದು ವಾರ್ಡಿನ ಸೋಂಕನ್ನು ಸುಡುತ್ತೇವೆ ಅಂತ ಹೊರಟು ಸುತ್ತಲಿನ ಹಳ್ಳಿಗಳಿಗೆ ವಿಷ ಹಂಚಿದ ಹಾಗಾಗುತ್ತದೆ. ಅದೇ ಗ್ಲೌಸನ್ನು ಆಟೋಕ್ಲೇವ್‌ಗೆ ಹಾಕಿದರೆ, ಅಂದರೆ 121 ಡಿಗ್ರಿ ಹಬೆಯಲ್ಲಿ ಒತ್ತಡದೊಳಗೆ ಒಂದು ಗಂಟೆ ಇಟ್ಟರೆ, ಯಾವ ವೈರಸ್ಸೂ ಉಳಿಯುವುದಿಲ್ಲ, ಹೊಗೆಯೂ ಇಲ್ಲ. ನಿಜವಾಗಿ ಎಲ್ಲ ಸತ್ತಿದೆಯಾ ಅಂತ ನೋಡುವುದಕ್ಕೆ ಒಂದು ಚೆಂದದ ವಿಧಾನ ಇದೆ. ಬಿಸಿಯನ್ನು ಸಿಕ್ಕಾಪಟ್ಟೆ ತಡೆದುಕೊಳ್ಳುವ ಜಿಯೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಒಂದು ಪುಟ್ಟ ಪಟ್ಟಿಯಲ್ಲೋ ಸೀಸೆಯಲ್ಲೋ ಕಸದ ಜೊತೆಯಲ್ಲೇ ಒಳಗೆ ಇಡುತ್ತಾರೆ. ಅದೇ ಸತ್ತಿದೆ ಅಂದಮೇಲೆ ಉಳಿದದ್ದು ಸತ್ತಿರಲೇಬೇಕು.

ಸುಡುವುದಾದರೂ ಹೇಗೆ ಬೇಕೋ ಹಾಗೆ ಸುಡುವಂತಿಲ್ಲ. ನಿಯಮದ ಪ್ರಕಾರ ಇನ್ಸಿನರೇಟರಿಗೆ, ಅಂದರೆ ಕಸ ಸುಡುವ ಯಂತ್ರಕ್ಕೆ, ಎರಡು ಕೋಣೆ ಇರಬೇಕು. ಮೊದಲನೆಯದರಲ್ಲಿ ಸುಮಾರು 800 ಡಿಗ್ರಿಯಲ್ಲಿ ಕಸ ಉರಿಯುತ್ತದೆ. ಅದರಿಂದ ಎದ್ದ ಹೊಗೆ ಎರಡನೇ ಕೋಣೆಯಲ್ಲಿ ಸುಮಾರು 1,050 ಡಿಗ್ರಿಯಲ್ಲಿ ಕನಿಷ್ಠ ಎರಡು ಸೆಕೆಂಡು ನಿಲ್ಲಬೇಕು, ಆಮೇಲೆ ಹೊಗೆಯನ್ನು ತೊಳೆದು ಹೊರಗೆ ಬಿಡಬೇಕು. ಎರಡು ಸೆಕೆಂಡು ಏನು ಮಹಾ ಅನ್ನಿಸಬಹುದು, ಆದರೆ ವಿಷ ಒಡೆದು ಚೂರಾಗುವುದು ಅಲ್ಲೇ. ಹಾಗಾಗಿ ಕ್ಲಿನಿಕ್ಕಿನ ಹಿಂದಿನ ಖಾಲಿ ಸೈಟಿನಲ್ಲಿ ಸಂಜೆ ಹೊತ್ತು ಬ್ಯಾಂಡೇಜು, ಪೈಪು, ಗ್ಲೌಸು ಎಲ್ಲ ರಾಶಿ ಹಾಕಿ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುತ್ತಾರಲ್ಲ, ಅದು ಎಲ್ಲಕ್ಕಿಂತ ಕೆಟ್ಟ ದಾರಿ. ಕಡಿಮೆ ಬಿಸಿ, ಹೊಗೆಯಾಡುವ ಬೆಂಕಿ, ಡಯಾಕ್ಸಿನ್ ಹುಟ್ಟುವುದಕ್ಕೆ ಹೇಳಿ ಮಾಡಿಸಿದ ಹಾಗೆ. ಇದೇ ಕಾರಣಕ್ಕೆ 2018ರ ತಿದ್ದುಪಡಿ ಕ್ಲೋರಿನ್ ಇರುವ ಪ್ಲಾಸ್ಟಿಕ್ಕಿನ ಚೀಲ ಮತ್ತು ಗ್ಲೌಸುಗಳನ್ನೇ 2019ರ ಮಾರ್ಚ್ ಹೊತ್ತಿಗೆ ನಿಲ್ಲಿಸಿ ಅಂತ ಹೇಳಿತು. ಕಸ ಸರಿಯಾಗಿ ಬೇರ್ಪಡಿಸಿ, ಕೊನೆಗೆ ಅದನ್ನು ತುಂಬಿದ ಹಳದಿ ಚೀಲವೇ ವಿಷ ಬಿಟ್ಟರೆ ಏನು ಉಪಯೋಗ?

ಕೆಂಪು ದಾರಿಯಲ್ಲಿ ಇನ್ನೊಂದು ಮುಖ್ಯ ಹೆಜ್ಜೆ ಇದೆ, ಚೂರು ಮಾಡುವುದು. ಶುದ್ಧವಾದ ಸಿರಿಂಜನ್ನು ಹಾಗೇ ಗುಜರಿಗೆ ಕೊಟ್ಟರೆ ಏನು ತಪ್ಪು ಅಂತ ಕೇಳುವವರಿಗೆ ನಾನು ಮೋಡಾಸಾ ಹೆಸರು ಹೇಳುತ್ತೇನೆ. 2009ರಲ್ಲಿ ಗುಜರಾತಿನ ಆ ಊರಿನಲ್ಲಿ ಹೆಪಟೈಟಿಸ್ ಬಿ ಹಬ್ಬಿತು. ಕಾಮಾಲೆ ಅಂತ ಬಂದವರು ಒಬ್ಬೊಬ್ಬರಾಗಿ ಸಾಯತೊಡಗಿದರು. ಹತ್ತಾರು ಜನ ಸತ್ತರು. ಒಬ್ಬರಿಗೆ ಬಳಸಿದ ಸಿರಿಂಜನ್ನೇ ಮತ್ತೊಬ್ಬರಿಗೆ ಚುಚ್ಚಿದ್ದು ಇದರ ಮೂಲ ಅಂತ ತನಿಖೆಯಲ್ಲಿ ಹೊರಬಂತು. ಇಡೀ ರೂಪದಲ್ಲಿರುವ ಸಿರಿಂಜು ಹೊರಗೆ ಸಿಕ್ಕರೆ ಅದನ್ನು ತೊಳೆದು ಹೊಸ ಕವರಿನಲ್ಲಿ ಹಾಕಿ ಮಾರುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ಚೂರಾದ ಪ್ಲಾಸ್ಟಿಕ್ಕಿನಿಂದ ಬಕೆಟ್ ಮಾಡಬಹುದು, ಸಿರಿಂಜ್ ಮಾಡಲಾಗದು. ವಾರ್ಡಿನಲ್ಲಿ ಸಿಸ್ಟರ್ ಹಬ್ ಕಟರ್‌ನಲ್ಲಿ ಸಿರಿಂಜಿನ ತುದಿಯನ್ನೇ ಸೂಜಿ ಸಮೇತ ಕಟ್ ಮಾಡುವುದು ಈ ಕೆಲಸದ ಮೊದಲ ಹಂತ. ಆ ಒಂದು "ಟಕ್" ಶಬ್ದಕ್ಕೆ ಸಿರಿಂಜು ಮತ್ತೆ ಯಾರಿಗೂ ಚುಚ್ಚಲಾಗದ ವಸ್ತುವಾಗುತ್ತದೆ.

ವಸ್ತುಗಳ ಬಗ್ಗೆ ಇನ್ನು ಸ್ವಲ್ಪ ಬಿಡಿಸಿ ಹೇಳಿದರೆ ಒಳ್ಳೆಯದು. ಯೂರಿನ್ ಬ್ಯಾಗನ್ನು ತುಂಬಿದ ಹಾಗೇ ಕೆಂಪು ಚೀಲಕ್ಕೆ ಎಸೆಯಬಾರದು, ಮೊದಲು ಮೂತ್ರವನ್ನು ಸರಿಯಾದ ಜಾಗಕ್ಕೆ ಚೆಲ್ಲಿ ಖಾಲಿ ಮಾಡಬೇಕು. ಇಲ್ಲದಿದ್ದರೆ ಚೀಲ ಎತ್ತುವ ಆಯಾ ಮೈಮೇಲೆಲ್ಲ ಸುರಿಯುತ್ತದೆ. ರಕ್ತದ ಬ್ಯಾಗ್ ಪ್ಲಾಸ್ಟಿಕ್ಕೇ ಆದರೂ ಹಳದಿಗೆ, ಇದೊಂದು ಅಪವಾದ ನೆನಪಿರಲಿ. ಪ್ಲಾಸ್ಟರ್ ಕಟ್ಟು, ರಕ್ತವಾದ ಬಟ್ಟೆ, ಡಯಾಪರ್ ಎಲ್ಲ ಹಳದಿಗೆ. ಹೆರಿಗೆ ಕೋಣೆಯ ಮಾಸು ಹಳದಿಗೆ. ಗಾಜಿನ ಔಷಧಿ ಸೀಸೆ ನೀಲಿಗೆ, ಆದರೆ ಕ್ಯಾನ್ಸರ್ ಔಷಧಿ ಇದ್ದ ಸೀಸೆ ನೀಲಿಗೆ ಅಲ್ಲವೇ ಅಲ್ಲ, ಅದು ಬೇರೆ ಗುರುತಿನ ಹಳದಿ ಚೀಲಕ್ಕೆ. ಆ ಔಷಧಿಗಳು ಜೀವಕೋಶ ಕೊಲ್ಲುವಂಥವು, ಸೀಸೆ ತೊಳೆಯುವವರ ಕೈಗೆ ಅದು ಹೋಗಬಾರದು. ಮುರಿದ ಮೂಳೆಗೆ ಹಾಕಿ ತೆಗೆದ ಲೋಹದ ಪ್ಲೇಟು, ಸ್ಕ್ರೂ ಕೂಡ ನೀಲಿಗೆ.

ಲ್ಯಾಬಿನ ಕಸಕ್ಕೆ ಇನ್ನೂ ಒಂದು ಬಿಗಿ ಜಾಸ್ತಿ. ರೋಗಿಯ ಕೀವಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇತ್ತೋ, ಲ್ಯಾಬಿನವರು ಅದನ್ನು ತಟ್ಟೆಯಲ್ಲಿ ಬೆಳೆಸಿ ಅದರ ಎಷ್ಟೋ ಪಟ್ಟು ಮಾಡಿರುತ್ತಾರೆ. ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಅಂತ ನೋಡಬೇಕಲ್ಲ, ಅದಕ್ಕೆ. ಹಾಗಾಗಿ ಆ ತಟ್ಟೆಯಲ್ಲಿ ಯಾವ ಔಷಧಿಗೂ ಬಗ್ಗದ ತಳಿ ಕೋಟಿಗಟ್ಟಲೆ ಇರುವ ಸಾಧ್ಯತೆ ಇದೆ. ಹೀಗಾಗಿ ಕಲ್ಚರ್ ತಟ್ಟೆ, ರಕ್ತದ ಸ್ಯಾಂಪಲ್ಲು ಇವನ್ನೆಲ್ಲ ಅಲ್ಲೇ, ಆಸ್ಪತ್ರೆಯೊಳಗೇ ಮೊದಲು ಶುದ್ಧ ಮಾಡಿ ಆಮೇಲೆ ಚೀಲಕ್ಕೆ ಹಾಕಬೇಕು. ಹೊರಗಿನ ಗಾಡಿಗೆ ಜೀವಂತ ತಳಿ ಹತ್ತಬಾರದು.

ಬೆಂಗಳೂರಿನವರಿಗೆ ಒಂದು ವಿಶೇಷ ತೊಂದರೆ ಇದೆ. ಇಲ್ಲಿ ಮನೆಯಲ್ಲಿ ಎರಡು ಬಿನ್ ಒಂದು ಬ್ಯಾಗ್ ಪದ್ಧತಿ. ಹಸಿರು ಬಿನ್ನಿಗೆ ಹಸಿ ಕಸ, ಬ್ಯಾಗಿಗೆ ಒಣ ಕಸ, ಕೆಂಪು ಬಿನ್ನಿಗೆ ಪ್ಯಾಡು, ಡಯಾಪರ್, ಬ್ಯಾಂಡೇಜು ಇಂಥ ಮರುಬಳಕೆಗೆ ಬಾರದ ಕಸ. ಅಂದರೆ ಮನೆಯಲ್ಲಿ ಕೆಂಪು ಅಂದರೆ ಯಾತಕ್ಕೂ ಬಾರದ್ದು. ಆಸ್ಪತ್ರೆಯಲ್ಲಿ ಕೆಂಪು ಅಂದರೆ ಮರುಬಳಕೆಗೆ ಹೋಗುವ ಪ್ಲಾಸ್ಟಿಕ್. ಬೆಳಿಗ್ಗೆ ಮನೆಯಲ್ಲಿ ಒಂದು ಅಭ್ಯಾಸ, ಡ್ಯೂಟಿಯಲ್ಲಿ ಅದರ ಉಲ್ಟಾ. ಹೊಸದಾಗಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದ ಹೆಣ್ಣುಮಗಳು ಡಯಾಪರನ್ನು ಕೆಂಪು ಚೀಲಕ್ಕೆ ಹಾಕಿದರೆ ಅವಳಿಗೆ ತಿಳುವಳಿಕೆ ಇಲ್ಲ ಅಂತ ಬೈಯುವುದು ಸರಿಯಲ್ಲ. ಅವಳು ಮನೆಯಲ್ಲಿ ಕಲಿತದ್ದನ್ನು ಶ್ರದ್ಧೆಯಿಂದ ಮಾಡಿದ್ದಾಳೆ. ತರಬೇತಿಯಲ್ಲಿ ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

ಆಸ್ಪತ್ರೆಯ ಕಸ ಅಂದರೆ ಪೂರ್ತಿ ಸೋಂಕಿನ ಕಸ ಅನ್ನುವುದೂ ತಪ್ಪು ತಿಳುವಳಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು ಶೇ. 85ರಷ್ಟು ಮಾಮೂಲಿ ಕಸ: ರಟ್ಟಿನ ಡಬ್ಬ, ಊಟದ ಉಳಿಕೆ, ಹಣ್ಣಿನ ಸಿಪ್ಪೆ, ಕಾಗದ. ಅಪಾಯಕಾರಿ ಅನ್ನಿಸಿಕೊಳ್ಳುವುದು ಉಳಿದ ಶೇ. 15 ಮಾತ್ರ. ಆದರೆ ಆ ಶೇ. 15ರಲ್ಲಿನ ಒಂದು ಕೀವಿನ ಬ್ಯಾಂಡೇಜನ್ನು ಊಟದ ಕಸದ ಚೀಲಕ್ಕೆ ಹಾಕಿದರೆ ಆ ಇಡೀ ಚೀಲ ಸೋಂಕಿನ ಕಸ ಆಯಿತು. ಮತ್ತೆ ಬಿಡಿಸಲಾಗದು, ಯಾರೂ ಕೈಹಾಕಿ ಆರಿಸಬಾರದು ಕೂಡ. ಆದ್ದರಿಂದ ವಿಂಗಡಣೆ ಅನ್ನುವ ಕೆಲಸ ನಡೆಯುವ ಜಾಗ ಒಂದೇ, ವಸ್ತು ಕೈಯಿಂದ ಬಿಡುವ ಆ ಕ್ಷಣ, ಬಿಡುವ ಆ ಕೈ. ಕೆಳಗಿನ ಮಹಡಿಯ ಕಸದ ಕೋಣೆಯಲ್ಲಿ ಎಷ್ಟು ಜನರನ್ನು ನಿಲ್ಲಿಸಿದರೂ, ಎಷ್ಟು ದುಬಾರಿ ಯಂತ್ರ ತಂದರೂ, ಮೇಲೆ ವಾರ್ಡಿನಲ್ಲಿ ಬೆರೆತದ್ದು ಬೆರೆತಂತೆಯೇ. ನನಗೆ ಈ ವಿಷಯದಲ್ಲಿ ಹೇಳುವುದಕ್ಕೆ ಇರುವುದು ಮುಖ್ಯವಾಗಿ ಇಷ್ಟೇ.

ಅದಕ್ಕೇ ನಾನು ಆಸ್ಪತ್ರೆಗೆ ಹೋದರೆ ಮೊದಲು ಡಬ್ಬಗಳು ಎಲ್ಲಿವೆ ಅಂತ ನೋಡುತ್ತೇನೆ. ಡ್ರೆಸ್ಸಿಂಗ್ ಟ್ರಾಲಿಯ ಮೇಲೆ, ಕೈ ಚಾಚಿದರೆ ಸಿಗುವ ಹಾಗೆ, ಸೂಜಿಯ ಬಿಳಿ ಡಬ್ಬ ಇದ್ದರೆ ಆ ವಾರ್ಡಿನಲ್ಲಿ ಸೂಜಿ ಸರಿಯಾದ ಜಾಗಕ್ಕೆ ಹೋಗುತ್ತದೆ. ಡಬ್ಬ ಕಾರಿಡಾರಿನ ಕೊನೆಯಲ್ಲಿದ್ದರೆ ಆಗುವುದು ಏನು? ಸಿಸ್ಟರ್ ಬಳಸಿದ ಸೂಜಿಯನ್ನು ಕಿಡ್ನಿ ಟ್ರೇಯಲ್ಲಿ ಹತ್ತಿಯ ಜೊತೆ ಇಡುತ್ತಾರೆ. ನಾಲ್ಕು ರೋಗಿಗಳಾದ ಮೇಲೆ ಟ್ರೇ ತುಂಬುತ್ತದೆ. ಆಯಾ ಬಂದು ಟ್ರೇಯನ್ನು ಹಾಗೇ ಹಳದಿ ಚೀಲಕ್ಕೆ ಬಗ್ಗಿಸುತ್ತಾರೆ. ಚೀಲ ಎತ್ತುವಾಗ ಕಾಲಿಗೆ ತಾಗುತ್ತದೆ, ಒಳಗಿನ ಸೂಜಿ ಚೀಲ ತೂರಿ ಕಾಲಿಗೆ ಚುಚ್ಚುತ್ತದೆ. ಯಾರ ರಕ್ತ ಇದ್ದ ಸೂಜಿ ಅಂತ ಆಗ ಹೇಳುವವರು ಯಾರೂ ಇಲ್ಲ.

ಈ ಸೂಜಿ ಚುಚ್ಚುವ ವಿಷಯ ನನ್ನನ್ನು ಬಹಳ ಕಾಡುವುದು. ಎಲ್ಲರೂ ಹೆದರುವುದು ಎಚ್‌ಐವಿಗೆ. ಆದರೆ ಸೋಂಕು ಇರುವ ರೋಗಿಯ ಸೂಜಿ ಚುಚ್ಚಿದಾಗ ಎಚ್‌ಐವಿ ಹತ್ತುವ ಸಾಧ್ಯತೆ ಸುಮಾರು ಶೇ. 0.3. ಹೆಪಟೈಟಿಸ್ ಸಿ ಆದರೆ ಶೇ. 2ರಷ್ಟು ಅಥವಾ ಅದಕ್ಕಿಂತ ಕಡಿಮೆ. ಹೆಪಟೈಟಿಸ್ ಬಿ, ಲಸಿಕೆ ಹಾಕಿಸಿಕೊಳ್ಳದವರಿಗೆ, ಶೇ. 30ರವರೆಗೆ. ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಬದುಕಿರಬಲ್ಲದು. ಅಂದರೆ ಹೋದ ವಾರದ ಸೂಜಿಯೂ ಸುರಕ್ಷಿತ ಅಲ್ಲ. ಸಮಾಧಾನದ ವಿಷಯ ಏನು ಅಂದರೆ ಇದಕ್ಕೆ ಒಳ್ಳೆಯ ಲಸಿಕೆ ಇದೆ. ಮೂರು ಡೋಸು: ಮೊದಲನೆಯದು ಹಾಕಿಸಿಕೊಂಡ ದಿನ, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು, ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡುವುದು, ಆರೋಗ್ಯ ತಪಾಸಣೆ ಮಾಡಿಸುವುದು, ಇವೆಲ್ಲ ನಿಯಮದಲ್ಲೇ ಇವೆ. ಆಸ್ಪತ್ರೆಯ ಕರ್ತವ್ಯ. ನೌಕರರು ಬೇಡಿ ಪಡೆಯಬೇಕಾದ ಉಪಕಾರ ಏನೂ ಅಲ್ಲ.

ಆದರೆ ನಡೆಯುವುದು ನೋಡಿ. ಡಾಕ್ಟರು, ಸ್ಟಾಫ್ ನರ್ಸುಗಳಿಗೆ ಸಾಮಾನ್ಯವಾಗಿ ಮೂರೂ ಡೋಸು ಆಗಿರುತ್ತದೆ. ಕಸದ ಚೀಲ ಹೊರುವವರು ಗುತ್ತಿಗೆ ಏಜೆನ್ಸಿಯ ಮೂಲಕ ಬಂದವರು, ಆರು ತಿಂಗಳಿಗೆ ಒಂದು ಆಸ್ಪತ್ರೆ ಬದಲಾಗುತ್ತದೆ, ಮೊದಲ ಡೋಸು ಒಂದು ಕಡೆ ಆದರೆ ಮೂರನೆಯದರ ಹೊತ್ತಿಗೆ ಅವರು ಅಲ್ಲಿ ಇರುವುದೇ ಇಲ್ಲ. ಸೂಜಿ ಹೆಚ್ಚಾಗಿ ಚುಚ್ಚುವ ಅಪಾಯ ಇರುವವರಿಗೇ ರಕ್ಷಣೆ ಕಡಿಮೆ. ಒಮ್ಮೆ ಒಂದು ಆಸ್ಪತ್ರೆಯಲ್ಲಿ ತರಬೇತಿ ಮುಗಿದ ಮೇಲೆ ವಯಸ್ಸಾದ ಆಯಾ ಒಬ್ಬರು ಹಿಂದೆಯೇ ಉಳಿದುಕೊಂಡು ಮೆಲ್ಲಗೆ ಕೇಳಿದರು, "ಸರ್, ಚುಚ್ಚಿದ್ದು ಹೇಳಿದ್ರೆ ಕೆಲಸದಿಂದ ತೆಗೀತಾರಾ?" ಬೆರಳು ತೋರಿಸಿದರು. ಹಿಂದಿನ ವಾರ ಚುಚ್ಚಿತ್ತು. ಸೆರಗಿನಿಂದ ಒರೆಸಿಕೊಂಡು ಪಾಳಿ ಮುಗಿಸಿದ್ದರು. ಸೂಪರ್‌ವೈಸರಿಗೆ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. "ಯಾರೂ ತೆಗೆಯೋ ಹಾಗಿಲ್ಲಮ್ಮ, ಬನ್ನಿ" ಅಂತ ಆಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆದರೆ ಒಂದು ವಾರ ಕಳೆದುಹೋಗಿತ್ತು, ಆ ವಾರ ತಿರುಗಿ ಬರುವುದಿಲ್ಲ.

ಯಾಕೆ ಅಂದರೆ ಇಲ್ಲಿ ಗಂಟೆಗಳ ಲೆಕ್ಕ. ಚುಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಹಿಂಡಿ ರಕ್ತ ತೆಗೆಯಬಾರದು. ಬಾಯಿಗೆ ಇಡಬಾರದು, ಇದು ನಮ್ಮಲ್ಲಿ ತಾನಾಗಿಯೇ ಆಗುವ ಕೆಲಸ, ಬೆರಳಿಗೆ ಏನಾದರೂ ಆದ ಕೂಡಲೇ ಬಾಯಿಗೆ ಹೋಗುತ್ತದೆ. ಬ್ಲೀಚು, ಸ್ಪಿರಿಟ್ಟು ಸುರಿಯಬಾರದು. ತಕ್ಷಣ ತಿಳಿಸಬೇಕು. ಎಚ್‌ಐವಿ ಬಾರದಂತೆ ಕೊಡುವ ಮಾತ್ರೆಗಳನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಬಹಳ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ, ಶುರು ಮಾಡಿದ ಮೇಲೆ 28 ದಿನ ಬಿಡದೆ ತೆಗೆದುಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ಚುಚ್ಚಿದರೆ ಆ ಮಾತ್ರೆ ಎಲ್ಲಿ ಸಿಗುತ್ತದೆ, ಯಾರಿಗೆ ಫೋನ್ ಮಾಡಬೇಕು ಅನ್ನುವುದು ಪ್ರತಿ ವಾರ್ಡಿನ ಗೋಡೆಯಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕು. ಬಣ್ಣದ ಚಾರ್ಟಿಗಿಂತ ಇದು ಮೊದಲು ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಸಿಸ್ಟರ್‌ಗಳಿಗೆ ಚುಚ್ಚುವುದು ಬಹಳಷ್ಟು ಸಲ ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕುವಾಗ. ಕ್ಯಾಪ್ ಹಾಕಿದರೆ ಸುರಕ್ಷಿತ ಅಂತ ಮನಸ್ಸಿಗೆ ಅನ್ನಿಸುತ್ತದೆ, ಆದರೆ ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಸಣ್ಣ ಕ್ಯಾಪ್, ಅವಸರ ಬೇರೆ. ಒಂದು ಕೂದಲೆಳೆ ತಪ್ಪಿದರೆ ಹೆಬ್ಬೆರಳಿಗೇ. ಬಳಸಿದ ಸೂಜಿಗೆ ಕ್ಯಾಪ್ ಹಾಕಬೇಡಿ, ನೇರ ಕಟರ್‌ಗೆ. ಹಾಕಲೇಬೇಕಾದ ಅನಿವಾರ್ಯ ಇದ್ದರೆ ಕ್ಯಾಪನ್ನು ಟ್ರೇಯಲ್ಲಿ ಮಲಗಿಸಿ ಒಂದೇ ಕೈಯಲ್ಲಿ ಸೂಜಿಯಿಂದ ಅದನ್ನು ಎತ್ತಿಕೊಳ್ಳಿ.

ವಾರ್ಡಿನಿಂದ ಹೊರಗಿನ ದಾರಿ ಬೇಗ ಹೇಳಿಬಿಡಬಹುದು. ಚೀಲ ಮುಕ್ಕಾಲು ತುಂಬಿದ ಮೇಲೆ ಕಟ್ಟಬೇಕು, ಬಾಯಿವರೆಗೆ ತುಂಬಿಸಿದರೆ ಗಂಟು ನಿಲ್ಲುವುದಿಲ್ಲ. ಅದರ ಮೇಲೆ ಬಾರ್‌ಕೋಡ್ ಸ್ಟಿಕರ್, ಯಾವ ಆಸ್ಪತ್ರೆ, ಯಾವ ದಿನ, ಯಾವ ಬಣ್ಣ, ಎಷ್ಟು ತೂಕ ಅನ್ನುವುದೆಲ್ಲ ದಾಖಲಾಗುತ್ತದೆ. ಮುಚ್ಚಿದ ತಳ್ಳುಗಾಡಿಯಲ್ಲಿ ಬೀಗ ಹಾಕುವ ಕೋಣೆಗೆ ಹೋಗುತ್ತದೆ. ಕೊಳೆಯುವಂಥ ಹಳದಿ ಕಸ 48 ಗಂಟೆಗಿಂತ ಜಾಸ್ತಿ ಅಲ್ಲಿ ಕೂರಬಾರದು, ನಮ್ಮ ಬೇಸಿಗೆಯಲ್ಲಿ ಅದಕ್ಕಿಂತ ಮೊದಲೇ ವಾಸನೆ ಗೊತ್ತುಮಾಡಿಸುತ್ತದೆ. ಆಮೇಲೆ ಹಲವು ಆಸ್ಪತ್ರೆಗಳ ಕಸವನ್ನು ಒಂದೇ ಕಡೆ ಶುದ್ಧ ಮಾಡುವ, ಸುಡುವ ಸಾಮೂಹಿಕ ಸಂಸ್ಕರಣಾ ಘಟಕದ ಗಾಡಿ ಬರುತ್ತದೆ. 75 ಕಿಲೋಮೀಟರ್ ಒಳಗೆ ಇಂಥ ಘಟಕ ಇದ್ದರೆ ಆಸ್ಪತ್ರೆ ತನ್ನದೇ ಇನ್ಸಿನರೇಟರ್ ಇಟ್ಟುಕೊಳ್ಳುವಂತಿಲ್ಲ. ಇದು ಒಳ್ಳೆಯ ನಿಯಮ. ಊರ ಮಧ್ಯದ ಪ್ರತಿ ಆಸ್ಪತ್ರೆಗೂ ಒಂದೊಂದು ಹೊಗೆ ಕೊಳವೆ ಇದ್ದರೆ ಯಾರು ಎಷ್ಟು ಡಿಗ್ರಿಯಲ್ಲಿ ಸುಡುತ್ತಿದ್ದಾರೆ ಅಂತ ನೋಡುವವರು ಯಾರು?

ಗಾಡಿ ತಲುಪದ ದೂರದ ಹಳ್ಳಿಗಳಲ್ಲಿ ಮಾತ್ರ ಆಳದ ಗುಂಡಿಗೆ ಅನುಮತಿ ಇದೆ. ಎರಡು ಮೀಟರ್ ಆಳ ತೋಡಿ, ಅರ್ಧದವರೆಗೆ ಕಸ ಹಾಕಿ, ಮೇಲೆ ಸುಣ್ಣ, ಅದರ ಮೇಲೆ ಮಣ್ಣು. ನಾಯಿ ಕೆದಕದ ಹಾಗೆ ಬೇಲಿ ಅಥವಾ ಜಾಲರಿ ಇರಬೇಕು, ಬಾವಿಯ ಹತ್ತಿರ ಇರಬಾರದು. ಇಲ್ಲೂ ಪ್ಲಾಸ್ಟಿಕ್ ಹಾಕುವಂತಿಲ್ಲ.

ಹಳ್ಳಿಯ ಮಾತು ಬಂದಾಗ ನನಗೆ ಎಎನ್‌ಎಂ ಸಿಸ್ಟರ್‌ಗಳ, ಅಂದರೆ ಹಳ್ಳಿಗಳ ಆರೋಗ್ಯ ಸಹಾಯಕಿಯರ, ಲಸಿಕೆ ದಿನ ನೆನಪಾಗುತ್ತದೆ. ಅಂಗನವಾಡಿಯ ಚಾಪೆಯ ಮೇಲೆ ಕೂತು, ಒಂದು ಪಕ್ಕ ಐಸ್‌ಪ್ಯಾಕ್ ಇರುವ ಲಸಿಕೆ ಡಬ್ಬ, ಇನ್ನೊಂದು ಪಕ್ಕ ಹಬ್ ಕಟರ್, ಕೆಂಪು ಚೀಲ, ಕಪ್ಪು ಚೀಲ. ಮಗು ಅಳುತ್ತದೆ, ತಾಯಿ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುವಷ್ಟರಲ್ಲಿ ಸಿಸ್ಟರ್ ಸಿರಿಂಜಿನ ತುದಿ ಕತ್ತರಿಸಿ ಉಳಿದದ್ದನ್ನು ಕೆಂಪು ಚೀಲಕ್ಕೆ, ಕವರು ಮತ್ತು ಕ್ಯಾಪನ್ನು ಕಪ್ಪು ಚೀಲಕ್ಕೆ ಹಾಕಿ ಮುಗಿಸಿರುತ್ತಾರೆ. ಆ ಸಿರಿಂಜು ಒಮ್ಮೆ ಒತ್ತಿದ ಮೇಲೆ ಮತ್ತೆ ಎಳೆಯಲು ಬಾರದಂಥದ್ದು, ಆದರೂ ಕತ್ತರಿಸುತ್ತಾರೆ. ಸಂಜೆ ಎಲ್ಲವನ್ನೂ ವಾಪಸು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರಬೇಕು, ಹಳ್ಳಿಯಲ್ಲಿ ಒಂದು ಸೂಜಿಯನ್ನೂ ಬಿಟ್ಟುಬರುವಂತಿಲ್ಲ. ಬಸ್ಸಿನಲ್ಲೋ ಸ್ಕೂಟಿಯಲ್ಲೋ ಇದನ್ನು ಹೊತ್ತು ತರುವ ಇವರ ಶಿಸ್ತನ್ನು ಎಷ್ಟೋ ದೊಡ್ಡ ಆಸ್ಪತ್ರೆಗಳು ನೋಡಿ ಕಲಿಯಬೇಕು.

ಕೋವಿಡ್ ಬಂದಾಗ ಈ ವ್ಯವಸ್ಥೆಗೆಲ್ಲ ದೊಡ್ಡ ಪರೀಕ್ಷೆ ಆಯಿತು. ಹೆದರಿಕೆಗೆ ಜನ ಎಲ್ಲವನ್ನೂ ಹಳದಿಗೆ ತುಂಬಿದರು, ರೋಗಿ ತಿಂದು ಬಿಟ್ಟ ಇಡ್ಲಿಯ ಡಬ್ಬಿಯನ್ನೂ. ಸುಡುವ ಘಟಕಗಳ ಮೇಲೆ ಹೊರೆ ಬಿತ್ತು. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತನ್ನ ಸೂಚನೆಗಳನ್ನು ಮತ್ತೆ ಮತ್ತೆ ತಿದ್ದಿ, ಸೋಂಕು ತಾಗದ ಮಾಮೂಲಿ ಕಸವನ್ನು ಬೇರೆ ಇಡಿ ಅಂತ ಹೇಳಬೇಕಾಯಿತು. ಮಾಸ್ಕು, ಟೋಪಿ, ಬಟ್ಟೆಯಂಥ ಗೌನು ಹಳದಿಗೆ, ಫೇಸ್ ಶೀಲ್ಡು, ಕನ್ನಡಕ, ಪ್ಲಾಸ್ಟಿಕ್ ಕವರಾಲು ಕೆಂಪಿಗೆ. ಅದೇ ಹಳೆಯ ಲೆಕ್ಕ, ಸುಡುವಂಥದ್ದಾ, ಪ್ಲಾಸ್ಟಿಕ್ಕಾ? ಸೋಂಕು ಹೊಸದಾಗಿತ್ತು, ಕಸದ ದಾರಿ ಹೊಸದೇನೂ ಇರಲಿಲ್ಲ.

ಈಗ ಆಸ್ಪತ್ರೆಯೇ ಮನೆಗೆ ಬರುತ್ತಿದೆ. ಸಕ್ಕರೆ ಕಾಯಿಲೆಯವರು ದಿನಕ್ಕೆ ಎರಡು ಮೂರು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಬೆರಳಿಗೆ ಚುಚ್ಚಿ ಶುಗರ್ ನೋಡುತ್ತಾರೆ, ಹಾಸಿಗೆ ಹಿಡಿದ ಹಿರಿಯರಿಗೆ ಹೋಂ ನರ್ಸ್ ಬಂದು ಡ್ರಿಪ್ ಹಾಕುತ್ತಾರೆ. ಇಲ್ಲಿ ಹಬ್ ಕಟರ್ ಇಲ್ಲ, ಬಿಳಿ ಡಬ್ಬ ಇಲ್ಲ. ಸೂಜಿ ಅಡುಗೆಮನೆ ಕಸದ ಜೊತೆ ಹೋಗಿ ಬೆಳಿಗ್ಗೆ ಪೌರಕಾರ್ಮಿಕರ ಕೈಗೆ ಸಿಗುತ್ತದೆ. ಅವರಿಗೆ ಚುಚ್ಚಿದರೆ ತಿಳಿಸುವುದಕ್ಕೆ ಪಕ್ಕದಲ್ಲಿ ಡಾಕ್ಟರೂ ಇರುವುದಿಲ್ಲ.

ನಿಮ್ಮ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಹೀಗೆ ಮಾಡಿ. ಖಾಲಿಯಾದ ಡಿಟರ್ಜೆಂಟ್ ಅಥವಾ ಫಿನಾಯಿಲ್ ಬಾಟಲಿಯಂಥ ದಪ್ಪ ಪ್ಲಾಸ್ಟಿಕ್ಕಿನ ಬಾಟಲಿ ಒಂದನ್ನು ಇದಕ್ಕೇ ಅಂತ ಇಡಿ. ನೀರಿನ ತೆಳು ಬಾಟಲಿ ಬೇಡ, ಸೂಜಿ ತೂರಿಬರುತ್ತದೆ. ಚುಚ್ಚಿಕೊಂಡ ಕೂಡಲೇ ಸೂಜಿ ಅದರೊಳಗೆ ಹೋಗಲಿ. ಮಕ್ಕಳ ಕೈಗೆ ಸಿಗದ ಜಾಗದಲ್ಲಿರಲಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿ ಮಾಡಿ ಟೇಪ್ ಸುತ್ತಿ, ಮೇಲೆ ಮಾರ್ಕರಿನಲ್ಲಿ "ಬಳಸಿದ ಸೂಜಿ" ಅಂತ ಬರೆಯಿರಿ. ಮೊದಲು ನೀವು ತೋರಿಸಿಕೊಳ್ಳುವ ಕ್ಲಿನಿಕ್ ಅಥವಾ ಲ್ಯಾಬಿನಲ್ಲಿ ತೆಗೆದುಕೊಳ್ಳುತ್ತಾರಾ ಕೇಳಿ, ಅವರ ಹತ್ತಿರ ಹೇಗೂ ಘಟಕದ ಗಾಡಿ ಬರುತ್ತದೆ. ಆಗುವುದೇ ಇಲ್ಲ ಅಂದರೆ ಬೇರೆ ಕಸದ ಜೊತೆ ಸೇರಿಸದೆ ಬೇರೆಯಾಗಿ ಕಸದ ಗಾಡಿಯವರ ಕೈಗೇ ಕೊಡಿ, ಕೊಡುವಾಗ ಒಳಗೆ ಸೂಜಿ ಇದೆ ಅಂತ ಬಾಯಿಬಿಟ್ಟು ಹೇಳಿ.